ಅಜ್ಜಿಯ ಗುಲಾಬಿ ಹೂವಿನ ಬೋನ್ ಚೈನಾ ಸೆಟ್ಟು: ಮಾರುವುದೇ, ಇಟ್ಟುಕೊಳ್ಳುವುದೇ?

ಪ್ರಶ್ನೆ: ನಮ್ಮ ಅಜ್ಜ ಚಿಕ್ಕಮಗಳೂರಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಮರಳಿದ ತೋಟದ ಮ್ಯಾನೇಜರರ ಕುಟುಂಬ ತಮ್ಮ ಪಿಂಗಾಣಿ ಸೆಟ್ಟನ್ನು ಅಜ್ಜನಿಗೆ ಕೊಟ್ಟುಹೋಯಿತು. ಗಾಜಿನ ಬೀರುವಿನಲ್ಲಿದ್ದ ಆ ಸೆಟ್ಟನ್ನು ಅಜ್ಜಿ ಹೊರತೆಗೆಯುತ್ತಿದ್ದುದು ಬೀಗರು ಬಂದಾಗ ಮಾತ್ರ. ಈಗ ಅದರ 38 ತುಂಡುಗಳು ಬೆಂಗಳೂರಿನ ನನ್ನ ಸಣ್ಣ ಫ್ಲಾಟಿಗೆ ಬಂದಿವೆ. ಅಡಿಯಲ್ಲಿ ‘ರಾಯಲ್ ಆಲ್ಬರ್ಟ್, ಬೋನ್ ಚೈನಾ, ಇಂಗ್ಲೆಂಡ್, ಓಲ್ಡ್ ಕಂಟ್ರಿ ರೋಸಸ್’ ಎಂದಿದೆ; ಕೆಲವದರಲ್ಲಿ 1962 ಎಂಬ ಇಸವಿಯೂ ಇದೆ. ನಾಲ್ಕು ಕಪ್ಪುಗಳಲ್ಲಿ ಮಾತ್ರ ‘ಇಂಗ್ಲೆಂಡ್’ ಎಂಬ ಪದವಿಲ್ಲ. ಇಂಥದೇ ಸೆಟ್ಟಿಗೆ ಈಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಲಕ್ಷಕ್ಕೂ ಹೆಚ್ಚು ಬೆಲೆ ಇದೆಯೆಂದು ಅಮೆರಿಕದಲ್ಲಿರುವ ತಮ್ಮ ಹೇಳುತ್ತಾನೆ. ಇಲ್ಲಿನ ವ್ಯಾಪಾರಿಯೊಬ್ಬರು ಎಲ್ಲಕ್ಕೂ ಸೇರಿಸಿ ಕೆಲವೇ ಸಾವಿರ ಹೇಳಿದರು. ಯಾರ ಮಾತು ನಂಬಲಿ?

ಉತ್ತರ: ಹಳೆಯ ಮನೆಸಾಮಾನಿಗೆ ಬೆಲೆ ಕಟ್ಟುವುದೇ ನನ್ನ ವೃತ್ತಿಯಾದ್ದರಿಂದ ಬೆಲೆಯಿಂದಲೇ ಆರಂಭಿಸುತ್ತೇನೆ. ನಿಮ್ಮ ತಮ್ಮ ನೋಡಿದ್ದು ಮಾರುವವರು ಕೇಳುತ್ತಿರುವ ಬೆಲೆ, ಕೊಳ್ಳುವವರು ಕೊಟ್ಟ ಬೆಲೆಯಲ್ಲ. ಅದೇ ತಾಣದಲ್ಲಿ ‘ಮಾರಾಟವಾದವು’ ಎಂಬ ಆಯ್ಕೆಯನ್ನು ಒತ್ತಿ ನೋಡಲು ಅವರಿಗೆ ಹೇಳಿ. ಎರಡು ಬೆಲೆಗಳ ನಡುವಿನ ಅಂತರ ಅಲ್ಲಿಯೇ ಕಾಣುತ್ತದೆ. 1962ರಲ್ಲಿ ಮಾರುಕಟ್ಟೆಗೆ ಬಂದ, ರಾಯಲ್ ಆಲ್ಬರ್ಟ್ ಕಂಪನಿಯ ಈ ‘ಓಲ್ಡ್ ಕಂಟ್ರಿ ರೋಸಸ್’ ವಿನ್ಯಾಸ ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟವಾದ ಪಿಂಗಾಣಿ ವಿನ್ಯಾಸಗಳಲ್ಲಿ ಒಂದು, ಇದರ 10 ಕೋಟಿಗೂ ಹೆಚ್ಚು ತುಂಡುಗಳು ಮಾರಾಟವಾಗಿವೆ. ಎಷ್ಟೇ ಚೆಂದವಿದ್ದರೂ ಅಷ್ಟು ಹೇರಳವಾಗಿ ಸಿಗುವ ವಸ್ತುವಿಗೆ ಅಪರೂಪದ ಬೆಲೆ ಬರುವುದಿಲ್ಲ. ಹನ್ನೆರಡು ಜನರನ್ನು ಕೂರಿಸಿ ಸೆಟ್ಟಿನಲ್ಲಿ ಬಡಿಸುವ ರೂಢಿ ಇಂಗ್ಲೆಂಡಿನಲ್ಲಿಯೇ ಕಡಿಮೆಯಾಗಿರುವುದರಿಂದ, ಅಲ್ಲಿಯೂ ಕೊಳ್ಳುವವರಿಗಿಂತ ಮಾರುವವರೇ ಹೆಚ್ಚು.

ಮುದ್ರೆಯಲ್ಲಿರುವ 1962 ವಿನ್ಯಾಸ ಹುಟ್ಟಿದ ವರ್ಷವೇ ಹೊರತು ನಿಮ್ಮ ತಟ್ಟೆ ತಯಾರಾದ ವರ್ಷವಲ್ಲ. ಅದೇ ಇಸವಿ ದಶಕಗಳ ನಂತರ ತಯಾರಾದ ತುಂಡುಗಳ ಮೇಲೂ ಇರುತ್ತದೆ. ‘ಇಂಗ್ಲೆಂಡ್’ ಎಂಬ ಪದವಿಲ್ಲದ ಕಪ್ಪುಗಳು ಬಹುಮಟ್ಟಿಗೆ, 2000ದ ದಶಕದ ಆರಂಭದಲ್ಲಿ ತಯಾರಿಕೆ ಇಂಡೋನೇಷ್ಯಾಕ್ಕೆ ಹೋದ ನಂತರದವು. ಒಡೆದುಹೋದವುಗಳ ಜಾಗಕ್ಕೆ ಮನೆಯವರು ಯಾರೋ ತಂದು ಸೇರಿಸಿರಬೇಕು. ಮಾರುವುದಾದರೆ ಆ ನಾಲ್ಕನ್ನು ಬೇರೆಯಾಗಿಯೇ ತೋರಿಸಿ, ಏಕೆಂದರೆ ಸಂಗ್ರಾಹಕರು ಮೊದಲು ನೋಡುವುದು ತಳದ ಮುದ್ರೆಯನ್ನೇ.

ಈಗ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು 38 ತುಂಡುಗಳನ್ನೂ ಕಿಟಕಿಯ ಬಳಿ ಹರಡಿ. ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಹಿಂದಿನ ಬೆರಳುಗಳ ನೆರಳು ಕಂಡರೆ ಅದು ಬೋನ್ ಚೈನಾದ ಲಕ್ಷಣ. ಕೂದಲೆಳೆಯಂಥ ಬಿರುಕಿದ್ದರೆ ಅದೂ ಆಗಲೇ ಕಾಣುತ್ತದೆ. ಉಗುರಿನಿಂದ ಮೆಲ್ಲನೆ ತಟ್ಟಿ ನೋಡಿ: ಗಟ್ಟಿಯಾದದ್ದು ಗಂಟೆಯಂತೆ ನಾದ ಕೊಡುತ್ತದೆ, ಬಿರುಕು ಬಿಟ್ಟದ್ದು ಮೊದ್ದಾಗಿ ಸದ್ದು ಮಾಡುತ್ತದೆ. ಅಂಟು ಹಾಕಿ ಕೂರಿಸಿದ ಹಿಡಿ ಇದೆಯೆಂಬ ಅನುಮಾನವಿದ್ದರೆ, ನೋಟು ಪರೀಕ್ಷಿಸುವ ನೀಲಿ ದೀಪದ ಕೆಳಗೆ ಕತ್ತಲಲ್ಲಿ ಹಿಡಿಯಿರಿ. ಅನೇಕ ಅಂಟುಗಳು ಅದರಲ್ಲಿ ಹೊಳೆಯುತ್ತವೆ. ಚಿನ್ನದ ಅಂಚು ಮಾಸಿದ್ದರೆ ಬೆಲೆ ಬಹಳ ಇಳಿಯುತ್ತದೆ, ಮತ್ತೆ ಬಳಿಸುವ ಖರ್ಚು ಹುಟ್ಟುವುದಿಲ್ಲ.

ಟೀ ಪಾಟು, ಮುಚ್ಚಳವಿರುವ ಬಡಿಸುವ ಬೋಗುಣಿ, ಕೇಕು ಇಡುವ ಅಂತಸ್ತಿನ ತಟ್ಟೆ, ಇವು ನಿಮ್ಮಲ್ಲಿದ್ದರೆ ಒಟ್ಟು ಮೊತ್ತದಲ್ಲಿ ಬಿಟ್ಟುಕೊಡಬೇಡಿ. ಮೂತಿ ಮತ್ತು ಮುಚ್ಚಳಗಳೇ ಮೊದಲು ಒಡೆಯುವುದರಿಂದ ಸಂಗ್ರಾಹಕರು ಹುಡುಕುವುದು ಅವನ್ನೇ. ವ್ಯಾಪಾರಿ ನಿಮಗೆ ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ, ಅವರಿಗೂ ಬಾಡಿಗೆ ಇದೆ, ವರ್ಷಗಟ್ಟಲೆ ಕಾಯುವ ಕಷ್ಟವಿದೆ. ಆದರೆ ನನ್ನ ಅಭಿಪ್ರಾಯ ಸ್ಪಷ್ಟ: ಕೆಲವು ಸಾವಿರಕ್ಕೆ ಇಡೀ ಸೆಟ್ಟನ್ನು ಕೊಟ್ಟರೆ ನಿಮಗೆ ಸಿಗುವುದು ಒಂದು ತಿಂಗಳ ದಿನಸಿಯ ಹಣ. ಅದರ ಬದಲು ಆರು ಜೊತೆ ಕಪ್ಪು-ಬಸಿ, ಟೀ ಪಾಟು, ಒಂದೆರಡು ತಟ್ಟೆ ಇಟ್ಟುಕೊಂಡು ಭಾನುವಾರದ ಕಾಫಿಗೆ ಬಳಸಿ, ಉಳಿದದ್ದನ್ನು ಮಾತ್ರ ಮಾರಿ. ಕೈಯಲ್ಲಿಯೇ ತೊಳೆಯಿರಿ, ಚಿನ್ನದ ಅಂಚಿನವನ್ನು ಮೈಕ್ರೋವೇವ್‌ನಲ್ಲಿ ಎಂದಿಗೂ ಇಡಬೇಡಿ. ಹೂವಿನ ಬಣ್ಣ ಸವೆದ ತಟ್ಟೆಗಳಲ್ಲಿ ಹುಣಸೆಹುಳಿಯ ಸಾರು, ಉಪ್ಪಿನಕಾಯಿ ಬಡಿಸಬೇಡಿ. ಹಳೆಯ ಬಣ್ಣಗಳಲ್ಲಿರುವ ಸೀಸ, ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹಗಳು ಹುಳಿಗೆ ಬಿಟ್ಟುಕೊಳ್ಳಬಹುದು.

ಮತ್ತೊಬ್ಬರ ಪ್ರಶ್ನೆ: ಬೋನ್ ಚೈನಾ ಎಂದರೆ ನಿಜವಾಗಿಯೂ ಮೂಳೆ ಇರುತ್ತದೆಯೇ? ನಮ್ಮದು ಸಸ್ಯಾಹಾರಿ ಮನೆ, ಅತ್ತೆಯವರು ಮುಟ್ಟುವುದಿಲ್ಲ ಎನ್ನುತ್ತಾರೆ.

ಉತ್ತರ: ನಿಜವಾಗಿಯೂ ಇರುತ್ತದೆ. 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸ್ಟೋಕ್ ಊರಿನ ಪಿಂಗಾಣಿ ತಯಾರಕ ಜೋಸಾಯ ಸ್ಪೋಡ್ ಹದಗೊಳಿಸಿದ ಪಾಕದಲ್ಲಿ ಸುಮಾರು ಅರ್ಧದಷ್ಟು ಸುಟ್ಟ ದನದ ಮೂಳೆಯ ಬೂದಿ, ಉಳಿದದ್ದು ಬಿಳಿ ಜೇಡಿ ಮತ್ತು ಒಂದು ಬಗೆಯ ಕಲ್ಲಿನ ಪುಡಿ. ಅಷ್ಟು ತೆಳುವಾಗಿದ್ದೂ ಗಟ್ಟಿಯಾಗಿರುವುದಕ್ಕೆ, ಬೆಳಕನ್ನು ಹಾಯಗೊಡುವುದಕ್ಕೆ ಆ ಬೂದಿಯೇ ಕಾರಣ. ಸುಟ್ಟ ಮೇಲೆ ಉಳಿಯುವುದು ಮುಖ್ಯವಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಎಂಬ ಖನಿಜ ಎಂದು ಕೆಲವರು ಸಮಾಧಾನ ಪಡುತ್ತಾರೆ, ಕೆಲವರಿಗೆ ಅದು ಸಮಾಧಾನವಾಗುವುದಿಲ್ಲ. ಅತ್ತೆಯವರ ಮನಸ್ಸಿಗೆ ಒಗ್ಗದಿದ್ದರೆ ಮಾರಲು ಅಷ್ಟೇ ಕಾರಣ ಸಾಕು, ಅವರೊಡನೆ ವಾದಕ್ಕೆ ಇಳಿಯಬೇಡಿ. ಬರಿಯ ಪೋರ್ಸಲೇನ್ ಎಂದು ಮುದ್ರೆಯಿದ್ದರೆ ಸಾಮಾನ್ಯವಾಗಿ ಮೂಳೆ ಬೂದಿ ಇರುವುದಿಲ್ಲ, ಆದ್ದರಿಂದ ತಳವನ್ನು ಒಮ್ಮೆ ನೋಡಿಕೊಳ್ಳಿ.

ಮೊದಲು ಕೇಳಿದವರು: ಟೀ ಪಾಟು ಇದೆ, ಮುಚ್ಚಳವೂ ಸರಿಯಾಗಿದೆ. ಅದನ್ನೂ ಆರು ಕಪ್ಪುಗಳನ್ನೂ ಇಟ್ಟುಕೊಳ್ಳುತ್ತೇನೆ. ತಮ್ಮ ತನಗೆ ಆರು ತಟ್ಟೆ ಬೇಕೆಂದಿದ್ದಾನೆ. ಹಳೆಯ ವಸ್ತುವನ್ನು ವಿದೇಶಕ್ಕೆ ಕಳಿಸಲು ಕಾನೂನಿನ ಅಡ್ಡಿ ಇದೆಯೇ?

ಉತ್ತರ: 1972ರ ಪುರಾವಸ್ತು ಕಾಯ್ದೆಯ ನಿರ್ಬಂಧ ಇಂಥ ವಸ್ತುಗಳಿಗೆ ಅನ್ವಯಿಸುವುದು ಅವು ಕನಿಷ್ಠ 100 ವರ್ಷ ಹಳೆಯವಾಗಿದ್ದಾಗ, ನಿಮ್ಮವು ಅದಕ್ಕೆ ಸೇರುವುದಿಲ್ಲ. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಪೇರಿಸದೆ ಅಂಚಿನ ಮೇಲೆ ಸಾಲಾಗಿ ನಿಲ್ಲಿಸಿ, ಆ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗೆ ಇಟ್ಟು ಸುತ್ತಲೂ ಕಾಗದ ತುರುಕಿ. ಮಲಗಿಸಿದ ತಟ್ಟೆಗಿಂತ ನಿಂತ ತಟ್ಟೆ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ. ನಿಮ್ಮ ತಮ್ಮನೇ ಊರಿಗೆ ಬರುವುದಿದ್ದರೆ ಅಲ್ಲಿಯವರೆಗೆ ಕಾದು ಕೈಚೀಲದಲ್ಲೇ ಕೊಟ್ಟು ಕಳಿಸಿ.