ಕ್ಯಾಪ್ಟನ್, ಮೂರನೇ ಸೆಮ್, ಎನ್ನೆಸ್ಸೆಸ್: ಮೂರೂ ಒಂದೇ ವರ್ಷ ಹ್ಯಾಂಗ ಹೊಂದಿಸಬೇಕ್ರಿ?

ಸ್ಟೇಷನ್‌ರೋಡ್_8
ಕಲಬುರಗಿಯ ಡಿಗ್ರಿ ಕಾಲೇಜು, ಬಿ.ಎಸ್ಸಿ. ಮೂರನೇ ಸೆಮ್. ಈ ವರ್ಷ ಫುಟ್‌ಬಾಲ್ ಟೀಮಿಗೆ ನಾನೇ ಕ್ಯಾಪ್ಟನ್. ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಎರಡನೇ ವರ್ಷ ನಡದದ, ಏಳು ದಿನದ ಕ್ಯಾಂಪ್ ಇನ್ನಾ ಬಾಕಿ. ಯೂನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆದ್ರ ಸೌತ್ ಝೋನಿಗೆ (ದಕ್ಷಿಣ ವಲಯದ ಅಂತರ-ವಿಶ್ವವಿದ್ಯಾಲಯ ಟೂರ್ನಿ) ಎಂಟ್ಹತ್ತು ದಿನ ಹೋಗಬೇಕಾಗ್ತದ. 75% ಹಾಜರಿ ಉಳೀತದೇನ್ರಿ? ಟೂರ್ನಿಗೆ ಹತ್ತು ದಿನ ಮೊದಲು ರಕ್ತದಾನ ಶಿಬಿರ ಬ್ಯಾರೆ ಅದ, ಕ್ಯಾಪ್ಟನ್ನೇ ಮೊದಲು ಕೊಡಬೇಕು ಅನ್ಲತ್ಯಾರ. ಇನ್ನೊಂದು, ಸೀನಿಯರ್‌ಗಳು ಮಾತು ಕೇಳವಲ್ರು.

ಹಾಜರಿಪುಸ್ತಕ
ತಮ್ಮಾ, ಒಟ್ಟು ಹಾಜರಿ ನೋಡಬ್ಯಾಡ, ಪೇಪರ್ ಪೇಪರಿಗೆ ಲೆಕ್ಕ ಹಾಕು. ವಾರಕ್ಕ 4 ಕ್ಲಾಸು, 15 ವಾರ ಅಂದ್ರ 60. ಅದರಾಗ 15 ತಪ್ಪಿಸಬಹುದು. ಸೌತ್ ಝೋನಿಗೆ 6, ಕ್ಯಾಂಪಿಗೆ 4 ಹೋದ್ರ 5 ಉಳೀತಾವ. ಥಿಯರಿಗೆ ಚಿಂತಿ ಇಲ್ಲ. ಸಿಕ್ಕಿಬೀಳೋದು ಪ್ರ್ಯಾಕ್ಟಿಕಲ್‌ನಾಗ. ವಾರಕ್ಕೊಂದರಂಗ 15 ಇದ್ರ 12 ಹಾಜರಿ ಬೇಕೇ ಬೇಕು. ಟೂರ್ನಿಗೆ ಎರಡು, ಕ್ಯಾಂಪಿಗೆ ಒಂದು ಹೋದ್ರ ಮುಗೀತು, ಆಮ್ಯಾಲ ಒಂದು ಜ್ವರಕ್ಕೂ ಜಾಗ ಇಲ್ಲ. ಅದಕ್ಕ ಹೋಗೋ ಮೊದಲೇ ಬ್ಯಾರೆ ಬ್ಯಾಚಿನ ಜೋಡಿ ಕೂತು ಪ್ರಯೋಗ ಮುಗಿಸಾಕ ಲ್ಯಾಬಿನವರನ್ನ ಕೇಳು.

ಓ.ಡಿ. (ಆನ್ ಡ್ಯೂಟಿ) ಲೆಟರ್ ಹೋಗೋ ಮುಂಚೆ ಕೊಡು, ಬಂದ ಮ್ಯಾಲ ಅಲ್ಲ. ಪಿ.ಡಿ. (ದೈಹಿಕ ಶಿಕ್ಷಣ) ಸರ್ ಸಹಿ, ತಾರೀಖು, ಪ್ರಯಾಣದ ದಿನ ಎಲ್ಲಾ ಇರಬೇಕು. ಒಂದು ಪ್ರತಿ ಎಚ್.ಒ.ಡಿ.ಗೆ (ವಿಭಾಗದ ಮುಖ್ಯಸ್ಥರು), ಒಂದು ಆಫೀಸಿಗೆ, ಸೀಲ್ ಹೊಡೆಸಿದ ಮೂರನೇದು ನಿನ್ನ ಹತ್ರ. ಪ್ರಯಾಣದ ದಿನ ಬರೆಯೋದು ಮರೆತ್ರ ಆ ಎರಡು ದಿನ ಗೈರುಹಾಜರಿನೇ.

ಕಪ್ಪುಮಣ್ಣು_ಮೈದಾನ
ರಕ್ತದಾನ ಈಗ ಬೇಡ. ಕೊಟ್ಟ ಮೇಲೆ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಆದರೆ ಕೆಂಪು ರಕ್ತಕಣ ಮೊದಲಿನ ಮಟ್ಟಕ್ಕೆ ಬರಲು ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಆಮ್ಲಜನಕ ಹೊರುವುದು ಅವೇ ಕಣಗಳು. ಹತ್ತನೇ ದಿನ ಆಡಿದರೆ 60ನೇ ನಿಮಿಷದಿಂದ ಕಾಲು ಭಾರ. ಟೂರ್ನಿ ಮುಗಿದ ಮೇಲೆ ಕೊಡಿ: ವಯಸ್ಸು 18, ತೂಕ 45 ಕೆ.ಜಿ., ಹಿಮೋಗ್ಲೋಬಿನ್ 12.5 ಇರಬೇಕು, ಗಂಡಸರಿಗೆ ಎರಡು ದಾನಗಳ ನಡುವೆ 90 ದಿನ, ಹೆಂಗಸರಿಗೆ 120 ದಿನ ಅಂತರ. ಶಿಬಿರದ ದಿನ ನೋಂದಣಿ ಮೇಜಿನಲ್ಲಿ ಕೂತರೂ ಸೇವೆಯೇ.

ಕೇಳದಿದ್ದರೂ ಒಂದು ಮಾತು: ನಮ್ಮ ಕಡೆ ಕರಿಮಣ್ಣು ಮಳೆಗೆ ಸ್ಟಡ್ಡಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಟ್ಟು ಪಾದ ಉಳುಕಿಸುತ್ತದೆ. ಅಭ್ಯಾಸಕ್ಕೆ ಮುಂಚೆ ಬಿರುಕಿಗೆ ಮಣ್ಣು ತುಂಬಿಸಿ. ಹಾಗಂತ ಹಾಸ್ಟೆಲ್ ಮುಂದಿನ ಶಹಾಬಾದ್ ಫರಸಿ ಮೇಲೆ ಓಡಬೇಡಿ, ಮೊಣಕಾಲು ಹೋಗುತ್ತದೆ.

ಸ್ಟೇಷನ್‌ರೋಡ್_8
ಪ್ರ್ಯಾಕ್ಟಿಕಲ್ ಲೆಕ್ಕ ತಲ್ಯಾಗೇ ಇರಲಿಲ್ರಿ. ಸೀನಿಯರ್‌ಗಳದ್ದು?

ಲೈನ್‌ಮನ್_ಬೀದರ್
ನಿಯಮದ ಪ್ರಕಾರ ಕ್ಯಾಪ್ಟನ್ನಿಗೆ ವಿಶೇಷ ಹಕ್ಕು ಏನೂ ಇಲ್ಲ, ತಂಡದ ನಡವಳಿಕೆಯ ಜವಾಬ್ದಾರಿ ಮಾತ್ರ ಅದ. ತೋಳಿಗೆ ಕ್ಯಾಪ್ಟನ್ ಪಟ್ಟಿ ಕಟ್ಟಿಕೊಂಡು ಹುಕುಂ ಕೊಟ್ರ ಯಾರೂ ಕೇಳಲ್ಲ. ಸೀನಿಯರ್‌ಗೆ ಖರೇ ಕೆಲಸ ಕೊಡ್ರಿ. ಒಬ್ಬಂವ ವಾರ್ಮಪ್ ನಡೆಸಲಿ, ಒಬ್ಬಂವ ಕಾರ್ನರ್ ರಕ್ಷಣೆ ನೋಡಲಿ. ಹತ್ತಿರದ ಕಂಬಕ್ಕ ಯಾರು, ದೂರದ ಕಂಬಕ್ಕ ಯಾರು, ಡಿ (ಪೆನಾಲ್ಟಿ ಬಾಕ್ಸಿನ ಮುಂದಿನ ಕಮಾನು ಗೆರೆ) ಮ್ಯಾಲ ಯಾರು ಅಂತ ಹಿಂದಿನ ರಾತ್ರಿ ಹಾಳಿ ಮ್ಯಾಲ ಬರೆದು ಹಾಕ್ರಿ. ಆಟದ ನಡುವ ಜಗಳ ಆಗೋದು ಬಹಳ ಸಲ ಇದೇ ಸ್ಪಷ್ಟ ಇಲ್ಲದ್ದಕ್ಕ. ತಡವಾಗಿ ಬಂದವರಿಗೆ ಹಾಕಿದ ರೌಂಡು ನೀವು ತಡ ಮಾಡಿದ ದಿನ ನೀವೂ ಓಡಬೇಕು.

ರೆಫರಿ ಹತ್ರ ಕ್ಯಾಪ್ಟನ್ ಒಬ್ಬನೇ ಹೋಗಬೇಕು ಅನ್ನೋ ಪದ್ಧತಿ ಈಗ ಕೆಲವು ಟೂರ್ನಿಗಳಾಗ ಬಂದದ. ಕ್ಯಾಪ್ಟನ್ ಗೋಲ್‌ಕೀಪರ್ ಆಗಿದ್ರ, ಮೈದಾನದಾಗ ಆಡೋ ಒಬ್ಬನ ಹೆಸರು ಟಾಸಿನಾಗೇ ಹೇಳಬೇಕು. ಇದು ಗೊತ್ತಿಲ್ಲದೆ ಐದಾರು ಮಂದಿ ಸುತ್ತುವರಿದ್ರ ಹಳದಿ ಕಾರ್ಡು ಪುಕ್ಕಟೆ.

ಹಾಜರಿಪುಸ್ತಕ
ಎನ್ನೆಸ್ಸೆಸ್ಸಿಂದೂ ಹೇಳ್ತೀನಿ. ಎರಡು ವರ್ಷಕ್ಕ 240 ತಾಸು, ವರ್ಷಕ್ಕ 120. ಎನ್ನೆಸ್ಸೆಸ್ ಘಟಕ ದತ್ತು ತಗೊಂಡ ಹಳ್ಳಿಯ ಸಾಲಿ ಹುಡುಗರಿಗೆ ಟೀಮಿನವರು ವಾರಕ್ಕ ಎರಡು ಸಲ, ಒಂದೂವರೆ ತಾಸು ಫುಟ್‌ಬಾಲ್ ಕಲಿಸಿದ್ರ 20 ವಾರಕ್ಕ 60 ತಾಸು. ಆದ್ರ ಪ್ರೋಗ್ರಾಂ ಆಫೀಸರ್ ಮೊದಲೇ ಒಪ್ಪಬೇಕು, ಡೈರಿಯಾಗ ಅವತ್ತಿಂದು ಅವತ್ತೇ ಬರೀಬೇಕು. ಕಡೀಗೆ ಒಟ್ಟಿಗೆ ಬರೆದ ಡೈರಿಗೆ ಸಹಿ ಬೀಳೋದು ಕಷ್ಟ. ಕ್ಯಾಂಪಿನ ತಾರೀಖು ಟೂರ್ನಿ ಜೋಡಿ ಕೂಡಿದ್ರ ಈಗಲೇ ಆಫೀಸರ್‌ಗೆ ಹೇಳು, ಕ್ಯಾಂಪ್ ಇಲ್ಲದೆ ಬರೇ 240 ತಾಸಿಗೆ ಸರ್ಟಿಫಿಕೇಟ್ ಬರಲ್ಲ.