ಅಗಲಿದವರ ನೆನಪಿಗೆ ಒಂದು ಕೋಣೆ ಕಟ್ಟಬೇಕು, ಅನುಭವ ಇದ್ದವರು ಹೇಳಿ

ನಮಸ್ಕಾರ ಎಲ್ಲರಿಗೂ. ನಾನು ಮೈಸೂರಿನಲ್ಲಿ ದೃಶ್ಯಕಲೆ ಓದುತ್ತಿದ್ದೇನೆ, ಇದು ಕೊನೆಯ ವರ್ಷ. ವರ್ಷಾಂತ್ಯದ ಪ್ರದರ್ಶನಕ್ಕೆ ಒಂದು ಇನ್‌ಸ್ಟಲೇಶನ್ ಮಾಡಬೇಕು, ಅಂದರೆ ಜನ ಒಳಗೆ ಬಂದು ನೋಡುವಂತೆ ಇಡೀ ಜಾಗವನ್ನೇ ಕಲಾಕೃತಿ ಮಾಡುವುದು. ಚಿಕ್ಕ ಕೋಣೆಯೊಂದನ್ನು ಕೊಟ್ಟಿದ್ದಾರೆ. ಹೋದ ವರ್ಷ ನನ್ನ ಅಜ್ಜಿ ತೀರಿಕೊಂಡರು. "ಊಟ ಆಯ್ತೇನೇ" ಅಂತ ಅವರು ಕಳಿಸುತ್ತಿದ್ದ ವಾಟ್ಸಾಪ್ ಧ್ವನಿ ಸಂದೇಶಗಳು ಇನ್ನೂ ನನ್ನ ಫೋನಿನಲ್ಲಿವೆ. ಅವನ್ನು ಇಟ್ಟುಕೊಂಡು, ನೋಡಲು ಬಂದವರೂ ಏನಾದರೂ ಮಾಡುವಂಥ ಕೆಲಸ ಆಗಬೇಕು ಅಂತ ಆಸೆ. ಪ್ರೊಜೆಕ್ಟರ್, ಸೆನ್ಸರ್, ಅಜ್ಜಿಯ ಫೋಟೊಗಳು, ಅವರ ಸೀರೆ, ಎಲ್ಲಾ ತಲೆಯಲ್ಲಿ ಓಡುತ್ತಿದೆ. ಎಲ್ಲಿಂದ ಶುರು ಮಾಡಲಿ? ಕೈಯಲ್ಲಿರುವ ದುಡ್ಡು ಕಮ್ಮಿ.

ಪ್ರದರ್ಶನ ವಿನ್ಯಾಸ ಮಾಡುವವರು, ಬೆಂಗಳೂರು

ಅಜ್ಜಿಯ ದನಿ ಉಳಿದಿದೆಯಲ್ಲ, ಅದು ದೊಡ್ಡದು. ಮೊದಲು ಆ ಸಂದೇಶಗಳನ್ನೆಲ್ಲ ಇವತ್ತೇ ಇನ್ನೆರಡು ಕಡೆ ಕಾಪಿ ಮಾಡಿಡಿ. ಫೋನ್ ಕಳೆದರೆ ಮತ್ತೆ ಸಿಗುವುದಿಲ್ಲ. ಕಲಾಕೃತಿ ಆಮೇಲೆ.

ನಾನು ಒಂದೇ ವಿಷಯ ಒತ್ತಿ ಹೇಳುತ್ತೇನೆ. ಬಂದವರಿಗೆ ನಿಮ್ಮ ಅಜ್ಜಿ ಯಾರೆಂದು ಗೊತ್ತಿಲ್ಲ. ಅವರ ಎದೆಯಲ್ಲಿ ಬೇರೆ ಯಾರೋ ಇದ್ದಾರೆ. ಆ ಬೇರೆಯವರಿಗೂ ನಿಮ್ಮ ಕೋಣೆಯಲ್ಲಿ ಜಾಗ ಇರಬೇಕು. ಫೋಟೊ, ಸೀರೆ, ಕನ್ನಡಕ ಅಂತ ಪೂರ್ತಿ ಅಜ್ಜಿಯದನ್ನೇ ತುಂಬಿದರೆ ಜನ ಕೈಕಟ್ಟಿ ನಿಂತು ನೋಡಿ, ಪಾಪ ಅಂದುಕೊಂಡು ಹೊರಟುಬಿಡುತ್ತಾರೆ.

ಜಪಾನಿನ ಇವಾತೆ ಪ್ರಾಂತ್ಯದಲ್ಲಿ ಒತ್ಸುಚಿ ಅಂತ ಒಂದು ಕರಾವಳಿ ಊರಿದೆ. ಅಲ್ಲಿನ ಇತಾರು ಸಸಾಕಿ ಎಂಬವರು, ತೀರಿಕೊಂಡ ಸೋದರಸಂಬಂಧಿಯ ಜೊತೆ ಮಾತಾಡಬೇಕು ಅನ್ನಿಸಿ, 2010ರಲ್ಲಿ ತಮ್ಮ ತೋಟದಲ್ಲಿ ಒಂದು ಬಿಳಿ ಟೆಲಿಫೋನ್ ಬೂತ್ ನಿಲ್ಲಿಸಿದರು. ಒಳಗೆ ಡಯಲ್ ತಿರುಗಿಸುವ ಕಪ್ಪು ಫೋನ್. ಅದರ ತಂತಿ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ 'ಗಾಳಿಯ ಫೋನ್' ಅಂತ ಹೆಸರಿಟ್ಟರು. ಮರುವರ್ಷ ಮಾರ್ಚ್ 11ರಂದು ಸುನಾಮಿ ಬಂತು. ಆ ಒಂದು ಊರಿನಲ್ಲೇ ಸಾವಿರಕ್ಕೂ ಹೆಚ್ಚು ಜನ ಸತ್ತರು, ಇಲ್ಲವೇ ಕಾಣೆಯಾದರು. ಆಮೇಲೆ ಸಸಾಕಿ ಆ ಬೂತನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ದೂರದೂರದಿಂದ ಜನ ಬಂದು ಅಲ್ಲಿ ನಿಂತು ಗಂಡನ ಜೊತೆ, ಮಗುವಿನ ಜೊತೆ ಮಾತಾಡುತ್ತಾರೆ. ಮಾತಾಡುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ರಿಸೀವರ್ ಎತ್ತುವುದು ಕೈಗೆ ಗೊತ್ತು, ಮನೆಯ ನಂಬರ್ ತಿರುಗಿಸುವುದು ಬೆರಳಿಗೆ ಗೊತ್ತು. ಅಲ್ಲಿಂದಾಚೆ ಮಾತು ತಾನಾಗಿ ಬರುತ್ತದೆ.

ಇನ್ನೊಂದು ಕೆಲಸ ನೋಡಿ. ಫೆಲಿಕ್ಸ್ ಗೊನ್ಸಾಲೆಸ್-ತೊರೆಸ್ ಎಂಬ ಕಲಾವಿದ, ಏಡ್ಸ್‌ನಿಂದ ತೀರಿಕೊಂಡ ತನ್ನ ಸಂಗಾತಿ ರಾಸ್‌ನ ನೆನಪಿಗೆ 1991ರಲ್ಲಿ ಕೋಣೆಯ ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿ ರಾಶಿ ಹಾಕಿದ. ರಾಶಿಯ ತೂಕ ಸುಮಾರು 79 ಕೆಜಿ, ಒಬ್ಬ ಗಂಡಸಿನ ತೂಕ. ಬಂದವರು ಒಂದೊಂದೇ ಎತ್ತಿಕೊಂಡು ಬಾಯಿಗೆ ಹಾಕಿಕೊಳ್ಳಬಹುದು. ರಾಶಿ ಕರಗುತ್ತಾ ಹೋಗುತ್ತದೆ, ಕಾಯಿಲೆಯಲ್ಲಿ ಆ ಮನುಷ್ಯ ಕರಗಿದ ಹಾಗೇ. ಆಮೇಲೆ ಅದನ್ನು ಮತ್ತೆ ತುಂಬಿಸುತ್ತಾರೆ. ಅಲ್ಲಿ ಒಂದು ವೈರೂ ಇಲ್ಲ, ಆದರೂ ಭಾಗವಹಿಸುವ ಕಲೆ ಅಂದರೆ ನನಗೆ ಮೊದಲು ನೆನಪಾಗುವುದು ಅದೇ.

ನಮ್ಮ ಊರುಗಳಲ್ಲಿ ಇರುವುದನ್ನೂ ಮರೆಯಬೇಡಿ. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವುದನ್ನು ನೋಡಿರುತ್ತೀರಿ. ತಾತನಿಗೆ ಬೀಡಿ ಕಟ್ಟು, ಅಜ್ಜಿಗೆ ಎಲೆ ಅಡಿಕೆ, ಯಾರಿಗೆ ಏನು ಇಷ್ಟವೋ ಅದು. ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಒಳಗೆ ಎಲೆ ಮುಂದೆ ಯಾರೂ ಇಲ್ಲ, ಆದರೂ ಉಣ್ಣಲಿ ಅಂತ ಕಾಯುತ್ತೇವೆ ಅಲ್ವಾ? ನಾನಾಗಿದ್ದರೆ ಸೆನ್ಸರ್ ಪಟ್ಟಿ ಬರೆಯುವ ಮೊದಲು ಆ ಬಾಗಿಲಿನ ಬಗ್ಗೆ ಯೋಚಿಸುತ್ತಿದ್ದೆ.

ಎಲೆಕ್ಟ್ರಾನಿಕ್ಸ್ ಕೆಲಸದವನು

ಮೇಲಿನವರು ಹೇಳಿದ ಫೋನ್ ನಿಮಗೆ ಸರಿಹೋಗುತ್ತದೆ. ಕಾರಣ ಇದೆ. ವಾಟ್ಸಾಪ್ ಧ್ವನಿ ಸಂದೇಶ ತೆಳುವಾಗಿರುತ್ತದೆ. ದೊಡ್ಡ ಸ್ಪೀಕರಿನಲ್ಲಿ ಹಾಕಿದರೆ ಡಬ್ಬದೊಳಗಿಂದ ಬಂದ ಹಾಗೆ ಕೇಳಿಸುತ್ತದೆ. ಅದೇ ದನಿ ರಿಸೀವರಿನಲ್ಲಿ ಕಿವಿಗೆ ಹತ್ತಿರ ಬಂದರೆ ಸಹಜ ಅನ್ನಿಸುತ್ತದೆ. ಕೇಳುವವರೂ ಒಬ್ಬರೇ, ಪಕ್ಕದವರಿಗೆ ಏನೂ ಗೊತ್ತಾಗುವುದಿಲ್ಲ.

ಹಳೆಯ ಡಯಲ್ ಫೋನ್ ಗುಜರಿಯಲ್ಲಿ ಹುಡುಕಿ. ಬೆಂಗಳೂರಿನ ದೂರವಾಣಿನಗರದಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ 1948ರಲ್ಲಿ ಶುರುವಾಯಿತು. ಅಲ್ಲಿಂದ ದೇಶದ ತುಂಬಾ ಫೋನ್ ಹೋಗಿವೆ, ಆದ್ದರಿಂದ ಈಗಲೂ ಸಿಗುತ್ತವೆ. ರಿಸೀವರ್ ಕೂರುವ ಜಾಗದಲ್ಲಿ ಒಂದು ಸ್ವಿಚ್ ಇರುತ್ತದೆ. ಎತ್ತಿದ್ದು, ಇಟ್ಟಿದ್ದು ಅದರಿಂದಲೇ ಗೊತ್ತಾಗುತ್ತದೆ. ಒಂದು ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ಬರೆದು ನಡೆಸುವ ಚಿಕ್ಕ ಬೋರ್ಡ್), ಒಂದು ಡಿಎಫ್‌ಪ್ಲೇಯರ್ ಮಿನಿ (ಎಂಪಿ3 ನುಡಿಸುವ ಚಿಕ್ಕ ಬೋರ್ಡ್), ಒಂದು ಮೈಕ್ರೊ ಎಸ್‌ಡಿ ಕಾರ್ಡ್ ಸಾಕು. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತವೆ. ವಾಟ್ಸಾಪ್ ಫೈಲುಗಳು ಓಪಸ್ ರೂಪದಲ್ಲಿರುತ್ತವೆ, ಅವನ್ನು ಎಂಪಿ3 ಮಾಡಿಕೊಳ್ಳಿ. ಆರ್ಡುಯಿನೊದಿಂದ ಆದೇಶ ಬರುವ ಪ್ಲೇಯರಿನ ಆರ್‌ಎಕ್ಸ್ ತಂತಿಗೆ 1 ಕಿಲೊಓಮ್ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಗುಂಯ್ ಅನ್ನುವ ಸದ್ದು ಬರುತ್ತದೆ. ರಿಸೀವರಿನ ಹಳೆಯ ಇಯರ್‌ಪೀಸ್ ತೆಗೆದು ಚಿಕ್ಕ 8 ಓಮ್ ಸ್ಪೀಕರ್ ಕೂರಿಸಿ. ಡಯಲನ್ನೂ ಬಳಸಬಹುದು. 3 ತಿರುಗಿಸಿದರೆ ಮೂರು ಪಲ್ಸ್ (ವಿದ್ಯುತ್ ಮಿಡಿತ), 0 ತಿರುಗಿಸಿದರೆ ಹತ್ತು. ಒಂದೊಂದು ಅಂಕಿಗೆ ಅಜ್ಜಿಯ ಒಂದೊಂದು ಸಂದೇಶ ಇಡಬಹುದು.

ಎತ್ತಿದ ತಕ್ಷಣ ದನಿ ಬರಬಾರದು. ಮೂರ್ನಾಲ್ಕು ಸೆಕೆಂಡ್ ಸುಮ್ನೆ ಬಿಡಿ, ಕಿವಿ ಕಾಯಲಿ. ಕೆಳಗಿಟ್ಟ ತಕ್ಷಣ ಮಾತ್ರ ನಿಲ್ಲಲೇಬೇಕು. ಕೆಲವರು ರಿಸೀವರನ್ನು ನೇತಾಡಲು ಬಿಟ್ಟು ಹೋಗುತ್ತಾರೆ, ಅದಕ್ಕೊಂದು ಟೈಮರ್ ಇಡಿ.

ದೀಪಕ್ಕೆ ಪಿಐಆರ್ ಸೆನ್ಸರ್ ಹಾಕಬೇಡಿ. ಅದು ಹಿಡಿಯುವುದು ಚಲನೆಯನ್ನು. ಮನುಷ್ಯ ಅಲುಗಾಡದೆ ನಿಂತರೆ ಯಾರೂ ಇಲ್ಲ ಅಂತ ದೀಪ ಆರಿಸಿಬಿಡುತ್ತದೆ. ನಿಮ್ಮ ಕೋಣೆಯಲ್ಲಿ ಜನ ಅಲುಗಾಡದೆ ನಿಲ್ಲುವುದೇ ಜಾಸ್ತಿ. ಕಣ್ಣೀರು ಒರೆಸಿಕೊಳ್ಳುತ್ತಿರುವವರ ಮೇಲೆ ಕತ್ತಲೆ ಬೀಳಬಾರದು. ಬೇಕೇ ಬೇಕು ಅಂದರೆ ನೆಲದ ಚಾಪೆಯಡಿ ಒತ್ತಡದ ಸ್ವಿಚ್ ಇಡಿ, ಇಲ್ಲವೇ ಸುಮ್ಮನೆ ಕೂತವರನ್ನೂ ಗುರುತಿಸುವ ರೇಡಾರ್ ಸೆನ್ಸರ್ ತನ್ನಿ. ಪ್ರೊಜೆಕ್ಟರ್ ಬಿಟ್ಟೇಬಿಡಿ, ದುಡ್ಡೂ ಉಳಿಯುತ್ತದೆ.

ಹಾಸನ ಕಡೆಯ ಒಬ್ಬರು

ಕಲೆ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ. ನನ್ನ ಅಣ್ಣ ಮನೆ ಬಿಟ್ಟು ಹೋಗಿ ಬಹಳ ವರ್ಷ ಆಯಿತು. ಇದ್ದಾನೋ ಇಲ್ಲವೋ ತಿಳಿಯದು. ಅಮ್ಮ ಇವತ್ತಿಗೂ ರಾತ್ರಿ ಒಂದು ಮುದ್ದೆ ಜಾಸ್ತಿ ಕಟ್ಟುತ್ತಾರೆ. ಅಣ್ಣನ ಫೋಟೊಗೆ ಹಾರ ಹಾಕಲು ಬಿಟ್ಟಿಲ್ಲ.

ನೀವು ಕೋಣೆಯಲ್ಲಿ ಹಾರ, ಊದುಬತ್ತಿ, ತಲೆದೆಸೆಯ ದೀಪ ಇಟ್ಟರೆ ಅಮ್ಮನಂಥವರು ಹೊಸ್ತಿಲು ದಾಟುವುದಿಲ್ಲ. ಅದು ಸತ್ತವರ ಕೋಣೆ ಆಗಿಬಿಡುತ್ತದೆ. ಕಾಯುತ್ತಿರುವವರೂ ಇದ್ದಾರೆ. ಮಗ ದೂರದ ದೇಶದಲ್ಲಿರುವವರು, ಮಾತು ಬಿಟ್ಟ ತಂಗಿಯರು, ನಮ್ಮಂಥವರು. ಫೋನಾದರೆ ಅಮ್ಮ ಖಂಡಿತ ಎತ್ತುತ್ತಾರೆ. ಫೋನ್ ಹೊಡೆದುಕೊಂಡರೆ ಇವತ್ತಿಗೂ ಎಲ್ಲರಿಗಿಂತ ಮೊದಲು ಓಡುವುದು ಅವರೇ.

ನಿವೃತ್ತ ನರ್ಸ್, ಹುಬ್ಬಳ್ಳಿ

ಮಗಳೇ, ದುಃಖದಲ್ಲಿರುವವರನ್ನು ದಿನವೂ ನೋಡಿದ ಕೆಲಸ ನನ್ನದು. ಕೋಣೆಗೆ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ ಇರಲಿ. ಅತ್ತವರು ಸಾಲಿನಲ್ಲಿ ನಿಂತವರ ಎದುರಿಗೆ ಹೊರಗೆ ಬರುವಂತಾಗಬಾರದು. ಒಂದೇ ಬಾಗಿಲಿದ್ದರೆ ಒಂದು ಪರದೆ ಕಟ್ಟು. ಹೊರಗೆ ಒಂದು ಬೆಂಚ್, ಒಂದು ಕೊಡ ನೀರು, ಲೋಟ ಇಡು. ಕೋಣೆಯೊಳಗೆ ಏನಿದೆ ಅಂತ ಬಾಗಿಲ ಹತ್ತಿರ ಎರಡು ಸಾಲಿನಲ್ಲಿ ಬರೆದಿರಲಿ. ಮೊನ್ನೆ ಮೊನ್ನೆ ಮಣ್ಣು ಮಾಡಿ ಬಂದವರು ಓದಿ, ಬೇಡ ಅನ್ನಿಸಿದರೆ ಹೋಗಲಿ. ಅಜ್ಜಿಯ ಸೀರೆ ಇಡುವುದಾದರೆ ಒಗೆಯಬೇಡ. ಗೋಡೆಗೆ ಮೊಳೆ ಹೊಡೆದು ಚಾಚಬೇಡ. ಮಡಿಸಿ ಕುರ್ಚಿ ಮೇಲಿಡು, ಮುಟ್ಟುವವರು ಮುಟ್ಟಲಿ.

ಮತ್ತೆ ಒಂದು ಮಾತು. ಆ ದನಿಯನ್ನು ದಿನಕ್ಕೆ ನೂರು ಸಲ ಕೇಳುತ್ತಾ ಅಲ್ಲಿ ಕೂರುವವಳು ನೀನು. ಗೆಳತಿಯರ ಜೊತೆ ಪಾಳಿ ಹಾಕಿಕೋ.

ಕೇಳಿದವರು ಮತ್ತೆ ಬರೆದದ್ದು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಸನದ ಅಕ್ಕ, ನಿಮ್ಮ ಮಾತು ಓದಿ ಫೋಟೊ ಗೋಡೆ ಕೈಬಿಟ್ಟೆ. ಒಂದು ಫೋನ್, ಎರಡು ಕುರ್ಚಿ, ಒಂದರ ಮೇಲೆ ಸೀರೆ, ಇಷ್ಟೇ ಇಡುತ್ತೇನೆ. ಬಂದವರು ಫೋನಿನಲ್ಲಿ ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಮುಂದಿನವರಿಗೆ ಕೇಳಿಸಬಹುದಾ? ಇಲ್ಲ ಅಂದರೆ ಚೀಟಿ ಬರೆಸಲಾ?

ಪ್ರದರ್ಶನ ವಿನ್ಯಾಸ ಮಾಡುವವರು, ಬೆಂಗಳೂರು

ರೆಕಾರ್ಡ್ ಬೇಡ. ಭೋಪಾಲದಲ್ಲಿ ಅನಿಲ ದುರಂತದ ನೆನಪಿಗೆ 2014ರಲ್ಲಿ ತೆರೆದ ಮ್ಯೂಸಿಯಂ ಇದೆ. ಅಲ್ಲಿ ಫೋನ್ ಎತ್ತಿದರೆ ಬದುಕಿ ಉಳಿದವರ, ಮನೆಯವರನ್ನು ಕಳೆದುಕೊಂಡವರ ದನಿ ಕೇಳಿಸುತ್ತದೆ. ಅವರು ಜನ ಕೇಳಲಿ ಅಂತಲೇ ಹೇಳಿದವರು. ನಿಮ್ಮ ಕೋಣೆಗೆ ಬಂದವರು ಯಾರೂ ಕೇಳುತ್ತಿಲ್ಲ ಅನ್ನುವ ಧೈರ್ಯದಲ್ಲಿ ಮಾತಾಡುತ್ತಾರೆ. ಎರಡನ್ನೂ ಬೆರೆಸಬೇಡಿ. ಅಜ್ಜಿಯ ದನಿಗೂ ಮನೆಯವರನ್ನೆಲ್ಲ ಒಂದು ಮಾತು ಕೇಳಿ. ನಿಮ್ಮ ಅಮ್ಮನಿಗೆ ಅದು ತಾಯಿಯ ದನಿಯೋ ಅತ್ತೆಯ ದನಿಯೋ, ಹೇಗಿದ್ದರೂ ಅವರದ್ದೂ ಹಕ್ಕು.

ಚೀಟಿ ಬರೆಸಬಹುದು, ಆದರೆ ಪ್ರದರ್ಶನ ಮುಗಿದ ಮೇಲೆ ಅವು ಎಲ್ಲಿ ಹೋಗುತ್ತವೆ ಅಂತ ಈಗಲೇ ತೀರ್ಮಾನ ಮಾಡಿ. ವಾಷಿಂಗ್ಟನ್‌ನಲ್ಲಿ ಮಾಯಾ ಲಿನ್ ವಿನ್ಯಾಸ ಮಾಡಿದ ವಿಯೆಟ್ನಾಂ ಯುದ್ಧದ ಸ್ಮಾರಕ 1982ರಲ್ಲಿ ಆಯಿತು. ಅದರ ಕಪ್ಪು ಗ್ರಾನೈಟ್ ನಮ್ಮ ಬೆಂಗಳೂರು ಕಡೆಯಿಂದ ಹೋದದ್ದು. 58 ಸಾವಿರಕ್ಕೂ ಹೆಚ್ಚು ಹೆಸರುಗಳ ನಡುವೆ ನಿಂತವರ ಮುಖವೂ ಕಲ್ಲಿನಲ್ಲಿ ಕಾಣುತ್ತದೆ. ಜನ ಅದರ ಬುಡದಲ್ಲಿ ಪತ್ರ, ಬೂಟು, ಪದಕ ಇಟ್ಟು ಹೋಗತೊಡಗಿದರು. ಇಡಿ ಅಂತ ಯಾರೂ ಹೇಳಿರಲಿಲ್ಲ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಅವನ್ನು ಎತ್ತಿ ಜೋಪಾನ ಮಾಡುತ್ತಾ ಬಂದಿದೆ. ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ನಡೆಯುವ ಉತ್ಸವ ಬರ್ನಿಂಗ್ ಮ್ಯಾನ್‌ನಲ್ಲಿ ಮರದ ಗುಡಿ ಕಟ್ಟುತ್ತಾರೆ. ಜನ ಅದರ ಗೋಡೆಗಳ ಮೇಲೆ ತೀರಿಕೊಂಡವರಿಗೆ ಬರೆಯುತ್ತಾರೆ, ಕೊನೆಗೆ ಗುಡಿಯನ್ನೇ ಸುಡುತ್ತಾರೆ. ಸುಡುತ್ತಾರೆ ಅಂತ ಬರೆಯುವವರಿಗೆ ಮೊದಲೇ ಗೊತ್ತು. ಯಾವ ದಾರಿಯಾದರೂ ಸರಿಯೇ. ಕಾಲೇಜಿನ ಕಸದ ಬುಟ್ಟಿ ಮಾತ್ರ ಆಗಬಾರದು. ನನ್ನ ಸಲಹೆ, ಚೀಟಿಗಳನ್ನು ನೀರಲ್ಲಿ ನೆನೆಸಿ, ಅರೆದು, ಮತ್ತೆ ಹಾಳೆ ಮಾಡಿ. ಕಾಗದ ಮಾಡುವುದು ನಿಮ್ಮ ಕಾಲೇಜಿನಲ್ಲೇ ಯಾರಿಗಾದರೂ ಗೊತ್ತಿರುತ್ತದೆ. ಏನು ಮಾಡುತ್ತೀರಿ ಅನ್ನುವುದನ್ನು ಪೆನ್ನು ಇಡುವ ಮೇಜಿನ ಮೇಲೇ ಬರೆದು ಹಾಕಿ.