ಒಂದೇ ತೂಕದ ಎರಡು ವಜ್ರಗಳಲ್ಲಿ ಹೊಳಪು ಬೇರೆಯಾಗುವುದೇಕೆ?

ಪ್ರಶ್ನೆ: ಮಗಳ ಮದುವೆಗೆ ಒಂಟಿಕಲ್ಲಿನ ಉಂಗುರ ಕೊಳ್ಳಬೇಕಾಗಿದೆ. ಅಂಗಡಿಯಲ್ಲಿ ತೋರಿಸಿದ ಎರಡು ದುಂಡು ವಜ್ರಗಳೂ 50 ಸೆಂಟ್ (ಅರ್ಧ ಕ್ಯಾರೆಟ್) ತೂಕದವು. ಬಣ್ಣ ಮತ್ತು ಶುದ್ಧತೆಯ ದರ್ಜೆಗಳೂ ಒಂದೇ. ಆದರೂ ಅಗ್ಗದ ಕಲ್ಲು ಮಂಕಾಗಿ ಕಂಡಿತು. ಕಟ್‌ನಿಂದಲೇ, ಅಂದರೆ ಕಲ್ಲನ್ನು ಕತ್ತರಿಸಿ ಮುಖಗಳನ್ನು ಮಾಡಿದ ರೀತಿಯಿಂದಲೇ, ಇಷ್ಟು ವ್ಯತ್ಯಾಸವಾಗುವುದೇ? ಕೊಂಡು ಧರಿಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ಖಂಡಿತವಾಗಿಯೂ ಆಗುತ್ತದೆ, ತೂಕವನ್ನೊಂದೇ ನೋಡಿ ಕೊಂಡು ನಾನು ಮೋಸಹೋಗಿದ್ದೇನೆ. ವಜ್ರದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 2.42 ಆಗಿರುವುದರಿಂದ, ಒಳಹೊಕ್ಕ ಬೆಳಕು ತಳದ ಮುಖಗಳ ಮೇಲೆ ಲಂಬರೇಖೆಯಿಂದ ಸುಮಾರು 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಿದ್ದರೆ ಹೊರಹೋಗಲಾರದೆ ಪ್ರತಿಫಲಿಸಿ, ಎದುರಿನ ಮುಖಕ್ಕೆ ತಾಗಿ, ಮತ್ತೆ ಮೇಲಿನಿಂದಲೇ ನಮ್ಮ ಕಣ್ಣಿಗೆ ಬರುತ್ತದೆ. ಬರುವಾಗ ಬಣ್ಣಗಳಾಗಿ ಒಡೆಯುವುದರಿಂದಲೇ ಕಿಡಿ ಹಾರಿದಂತೆ ಕಾಣುವುದು. ಈ ದಾರಿಯನ್ನು ಲೆಕ್ಕಹಾಕಿ ಬೆಲ್ಜಿಯಂನ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ 1919ರಲ್ಲಿ ತಳದ ಕೋನ 40.75 ಡಿಗ್ರಿ, ಮೇಲ್ಭಾಗದ ಕೋನ 34.5 ಡಿಗ್ರಿ, ನೆತ್ತಿಯ ಚಪ್ಪಟೆ ಮುಖ ವ್ಯಾಸದ ಶೇ. 53 ಎಂದು ಸೂಚಿಸಿದರು. ನನ್ನ ಕಲ್ಲಿನ ತಳ ಅತಿಯಾಗಿ ಆಳವಾಗಿದ್ದುದರಿಂದ ನಡುವೆ ಮೊಳೆಯ ತಲೆಯಂತೆ ಕಪ್ಪು ಕಾಣುತ್ತಿತ್ತು. ತಳ ತೀರಾ ತೆಳುವಾದರೆ ಮೀನಿನ ಕಣ್ಣಿನಂತೆ ಬೂದುಬಣ್ಣದ ಬಳೆ ಮೂಡುತ್ತದೆ.

ತಳವನ್ನು ಆಳವಾಗಿ ಏಕೆ ಕತ್ತರಿಸುತ್ತಾರೆಂದರೆ, ಸರಿಯಾದ ಕೋನಕ್ಕೆ ತರುವಾಗ ಕಚ್ಚಾ ಕಲ್ಲು ಸವೆದು ತೂಕ ಹೋಗುತ್ತದೆ, ಬೆಲೆಯಾದರೋ ತೂಕಕ್ಕೆ. ಕೊಹಿನೂರನ್ನೇ 1852ರಲ್ಲಿ ಹೊಳಪಿಗಾಗಿ ಮತ್ತೆ ಸಾಣೆ ಹಿಡಿದಾಗ ಸುಮಾರು 186 ಕ್ಯಾರೆಟ್‌ನಿಂದ 105.6ಕ್ಕೆ ಇಳಿಯಿತಲ್ಲವೇ! ಆಳದಲ್ಲಿ ಅಡಗಿದ ತೂಕಕ್ಕೆ ಹಣ ಕೊಟ್ಟರೂ ಮೇಲಿನಿಂದ ಕಲ್ಲು ಚಿಕ್ಕದಾಗಿಯೇ ಕಾಣುತ್ತದೆ. ಒಳ್ಳೆಯ ಕಟ್‌ನ 50 ಸೆಂಟ್ ಕಲ್ಲಿನ ವ್ಯಾಸ ಸುಮಾರು 5.1 ಮಿ.ಮೀ. ಇರಬೇಕು.

ಉತ್ತರ 2: ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಅಮೆರಿಕದ ರತ್ನ ಪರೀಕ್ಷಾ ಸಂಸ್ಥೆ ಜಿಐಎ 2006ರಿಂದ ದುಂಡು ಬ್ರಿಲಿಯಂಟ್ ವಜ್ರಗಳ ಕಟ್‌ಗೆ ಎಕ್ಸಲೆಂಟ್‌ನಿಂದ ಪೂರ್‌ವರೆಗೆ ಐದು ದರ್ಜೆಗಳನ್ನು ನೀಡುತ್ತಿದೆ. ಅಂಗಡಿಯ ಚುರುಕು ದೀಪಗಳ ಕೆಳಗೆ ಯಾವ ಕಲ್ಲಾದರೂ ಮಿನುಗುವುದರಿಂದ, ಎರಡನ್ನೂ ಕಿಟಕಿಯ ಬಳಿಗೆ ಒಯ್ದು ಮೆಲ್ಲನೆ ಹೊರಳಿಸಿ ನೋಡುವುದು ಲೇಸು.

ಉತ್ತರ 3: ಎಲ್ಲ ಮಂಕಿಗೂ ಕಟ್ ಕಾರಣವಲ್ಲ. ಅಜ್ಜಿಯಿಂದ ಬಂದ ಏಳು ಕಲ್ಲಿನ ವಜ್ರದ ಓಲೆಗಳ ಕಟ್ಟೇ ಹಳೆಯದು, ಅದಕ್ಕೇ ಕಳೆಯಿಲ್ಲ ಎಂದು ಬಹುಕಾಲ ನಂಬಿದ್ದೆ. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ತಳಕ್ಕೆ ಎಣ್ಣೆ ಹತ್ತಿದರೆ, ಒಳಗೆ ಪ್ರತಿಫಲಿಸಬೇಕಾದ ಬೆಳಕಿನಲ್ಲಿ ಒಂದಷ್ಟು ಅಲ್ಲಿಂದಲೇ ಸೋರಿಹೋಗುತ್ತದೆ. ಉಗುರುಬೆಚ್ಚಗಿನ ಸೋಪುನೀರಿನಲ್ಲಿ ನೆನೆಸಿ, ಮೆದು ಬ್ರಶ್‌ನಿಂದ ಹಿಂಬದಿಯನ್ನೂ ಉಜ್ಜಿದ ಮೇಲೆ ಅಮ್ಮನೇ ಗುರುತು ಹಿಡಿಯಲಿಲ್ಲ.

ಪ್ರಶ್ನೆ ಕೇಳಿದವರು: ಪ್ರಮಾಣಪತ್ರಗಳನ್ನು ತರಿಸಿ ನೋಡಿದೆವು. ಮಂಕು ಕಲ್ಲಿನ ತಳದ ಕೋನ 42.4 ಡಿಗ್ರಿ, ವ್ಯಾಸ 4.9 ಮಿ.ಮೀ.; ಇನ್ನೊಂದರದು 40.8 ಡಿಗ್ರಿ ಮತ್ತು 5.1 ಮಿ.ಮೀ. ಕಿಟಕಿಯ ಬಳಿ ಮಗಳು ಲೆಕ್ಕಗಳನ್ನೇನೂ ಕೇಳದೆ ಎರಡನೆಯದನ್ನೇ ಎತ್ತಿಕೊಂಡಳು.